ಕ್ಯಾಮರಾದ ಹಿಂದೆ ನಿಂತ ಹೆಣ್ಣುಮಕ್ಕಳು

(ಪುಣೆಯಲ್ಲಿ ನಮ್ಮ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿ ಸಲದ ಸಭೆಯಲ್ಲಿ ನಾವು ಸಂಬಳ, ಬೋನಸು, ಪಾಳಿ, ವಾರದ ರಜೆ ಇವುಗಳ ಮಾತನ್ನೇ ಆಡುತ್ತೇವೆ. ಇಂದು ಸಿನಿಮಾದ ಮಾತನ್ನು ಆಡಲು ನಿಂತಿದ್ದೇವೆ. ವಿಷಯವನ್ನು ಕೇಳಿ ಕೆಲವರು ನಕ್ಕದ್ದು ನಮ್ಮ ಕಣ್ಣಿಗೆ ಬಿದ್ದಿದೆ. ನಗಲಿ. ಹದಿನೈದು ದಿನಗಳ ಹಿಂದೆ ನಾವೂ ನಕ್ಕವರೇ. ಆ ನಗು ತಪ್ಪಾಗಿತ್ತೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಭಾಷಣ.

ನಡೆದದ್ದು ಇಷ್ಟು. ನಮ್ಮ ಹಿರಿಯ ಸದಸ್ಯರೊಬ್ಬರು, ಮೂವತ್ತು ವರುಷ ದೋಸೆ ಕಾವಲಿಯ ಮುಂದೆ ನಿಂತವರು, ಸಂಘದ ಕಚೇರಿಗೆ ಬಂದರು. ಅವರ ಮಗಳು ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು, ಬಿ.ಕಾಂ. ಕಡೆಯ ವರುಷದಲ್ಲಿದ್ದಾಳೆ. "ನೋಡಿ ಮಾರಾಯ್ರೇ, ಮಗಳು ಸಿನಿಮಾದ ಕ್ಯಾಮರಾ ಕಲಿಯುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಬೇಡ ಅನ್ನಲಿಕ್ಕೆ ನನಗೆ ಬಾಯಿ ಬರುವುದಿಲ್ಲ, ಆಗಲಿ ಅನ್ನಲಿಕ್ಕೆ ಕೈಯಲ್ಲಿ ಹಣವಿಲ್ಲ. ನಮ್ಮ ವಿದ್ಯಾನಿಧಿಯಿಂದ ಏನಾದರೂ ಆದೀತೇ?" ಎಂದು ಕೇಳಿದರು.

ಕಮಿಟಿಯಲ್ಲಿ ಆ ಅರ್ಜಿ ಬಂದಾಗ ಒಬ್ಬರು, "ಫೋಟೋ ತೆಗೆಯಲಿಕ್ಕೆ ಕಾಲೇಜು ಯಾಕೆ, ಎಲ್ಲರ ಕಿಸೆಯಲ್ಲೂ ಮೊಬೈಲ್ ಉಂಟಲ್ಲ" ಎಂದರು. ಇನ್ನೊಬ್ಬರು, "ಹುಡುಗಿಯಲ್ಲವೇ, ಕ್ಯಾಮರಾದ ಮುಂದೆ ನಿಲ್ಲುತ್ತಾಳೆಯೋ ಹಿಂದೆ ನಿಲ್ಲುತ್ತಾಳೆಯೋ?" ಎಂದರು. ಆಗಲೇ ನಾವು ನಕ್ಕದ್ದು. ಬಾಗಿಲಿನ ಹೊರಗೆ ಆ ತಂದೆ ಕುಳಿತಿದ್ದರು. ಅವರಿಗೆ ಕೇಳಿಸಿತು. ಏನೂ ಅನ್ನದೆ ಎದ್ದು ಪಾಳಿಗೆ ಹೋದರು.

ಮರುದಿನ ಹುಡುಗಿಯೇ ಬಂದಳು. ಜಗಳವಾಡಲಿಲ್ಲ. ಒಂದು ಕಾಗದದಲ್ಲಿ ಕೆಲವು ಹೆಸರುಗಳನ್ನು ಬರೆದು ಮೇಜಿನ ಮೇಲಿಟ್ಟು, "ಇವರು ಯಾರೆಂದು ಒಮ್ಮೆ ವಿಚಾರಿಸಿ ನೋಡಿ, ಅಣ್ಣಾ. ಆಮೇಲೆ ಇಲ್ಲವೆಂದರೂ ಬೇಸರವಿಲ್ಲ" ಎಂದು ಹೋದಳು. ನಮ್ಮದು ಏಳನೆಯ ಇಯತ್ತೆಯ ವಿದ್ಯೆ. ಆ ಹೆಸರುಗಳನ್ನು ಹಿಡಿದು ಓದಿ, ಕೇಳಿ, ನೋಡಿ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತೇವೆ. ತೀರ್ಮಾನ ತಮ್ಮದು.

ಮೊದಲು, ಈ ಕೆಲಸವೆಂದರೆ ಏನು ಎಂಬುದನ್ನು ನೋಡೋಣ. ನಾವೆಲ್ಲ ಸಿನಿಮಾ ನೋಡಿದವರೇ. ರಾತ್ರಿ ಗಲ್ಲಾ ಮುಚ್ಚಿ, ಮೇಜು ಒರೆಸಿ, ಕಡೆಯ ಆಟಕ್ಕೆ ಓಡಿ ಹೋದವರು ನಮ್ಮಲ್ಲಿ ಬಹಳ ಮಂದಿ. ಆದರೆ ನಾವು ನೋಡಿದ್ದು ನಾಯಕನನ್ನು, ನಾಯಕಿಯನ್ನು. ಅವರು ನಮಗೆ ಕಾಣಿಸುವಂತೆ ಮಾಡಿದವರು ಯಾರೆಂದು ಕೇಳಿದವರಲ್ಲ. ಗಿರಾಕಿಯೂ ಹಾಗೆಯೇ. ಸಾಂಬಾರು ಚೆನ್ನಾಗಿದೆ ಎನ್ನುತ್ತಾನೆ, ಒಳಗೆ ಬೆವರಿಳಿಸಿ ಕುದಿಸಿದವನ ಹೆಸರನ್ನು ಕೇಳುವುದಿಲ್ಲ.

ಛಾಯಾಗ್ರಾಹಕನ ಕೆಲಸ ಗುಂಡಿ ಒತ್ತುವುದಲ್ಲ. ಬೆಳಕು ಎಲ್ಲಿಂದ ಬರಬೇಕು, ಎಷ್ಟು ಬರಬೇಕು, ಮುಖದ ಯಾವ ಭಾಗ ನೆರಳಿನಲ್ಲಿ ಉಳಿಯಬೇಕು, ಯಾವ ಮಸೂರ ಹಾಕಬೇಕು, ಕ್ಯಾಮರಾ ನಿಲ್ಲಬೇಕೇ ನಡೆಯಬೇಕೇ, ಇವೆಲ್ಲವನ್ನೂ ಆತನೇ ನಿರ್ಧರಿಸಬೇಕು. ಅವನ ಕೈಕೆಳಗೆ ಸಹಾಯಕರು, ದೀಪ ಹೊರುವವರು, ಹಳಿಯ ಮೇಲೆ ಗಾಡಿ ತಳ್ಳುವವರು ಇರುತ್ತಾರೆ. ನಮ್ಮ ಹೋಟೆಲಿನ ಅಡಿಗೆಮನೆಯಲ್ಲಿ ದೊಡ್ಡ ಅಡಿಗೆಯವರ ಸ್ಥಾನ ಯಾವುದೋ ಅದೇ ಸ್ಥಾನ ಎಂದು ತಿಳಿಯಿರಿ.

ಹಿಂದೆ ಚಿತ್ರಗಳನ್ನು ಫಿಲ್ಮಿನ ಸುರುಳಿಯ ಮೇಲೆ ತೆಗೆಯುತ್ತಿದ್ದರು. ಮೂವತ್ತೈದು ಮಿಲಿಮೀಟರಿನ ಫಿಲ್ಮಿನಲ್ಲಿ ಒಂದು ಅಡಿಗೆ 16 ಚೌಕಟ್ಟುಗಳು. ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡಬೇಕು. ಲೆಕ್ಕ ಹಾಕಿದರೆ ಒಂದು ನಿಮಿಷಕ್ಕೆ 90 ಅಡಿ. 400 ಅಡಿಯ ಒಂದು ಸುರುಳಿ ನಾಲ್ಕೂವರೆ ನಿಮಿಷದೊಳಗೆ ಮುಗಿದು ಹೋಗುತ್ತದೆ. ತೆಗೆದದ್ದು ಸರಿಯಾಗಿದೆಯೇ ಎಂದು ಆಗಲೇ ನೋಡುವಂತಿಲ್ಲ. ಸುರುಳಿಯನ್ನು ತೊಳೆದು ಮುದ್ರಿಸಿದ ಮೇಲೆಯೇ ಗೊತ್ತಾಗುವುದು. ಬೆಳಕಿನ ಲೆಕ್ಕ ತಪ್ಪಿದರೆ ಇಡೀ ದಿನದ ದುಡಿಮೆ, ನಟರ ಸಂಬಳ, ಫಿಲ್ಮಿನ ಬೆಲೆ, ಎಲ್ಲ ನೀರಿನಲ್ಲಿ ಹೋಮ. ಇಷ್ಟು ಹಣದ ಹೊಣೆಯನ್ನು ಹೆಂಗಸಿನ ಕೈಗೆ ಕೊಡಲು ಮಾಲಿಕರು ಹೆದರಿದರು. ಗಲ್ಲಾದ ಮೇಲೆ ಪರಿಚಯವಿಲ್ಲದವನನ್ನು ಕೂರಿಸಲು ಹೆದರುತ್ತಾರಲ್ಲ, ಹಾಗೆ. ಬಾಗಿಲು ಮುಚ್ಚಿದ್ದಕ್ಕೆ ಇದೇ ದೊಡ್ಡ ಕಾರಣವೆಂದು ನಮಗೆ ತೋರುತ್ತದೆ. ಹೆಂಗಸಿಗೆ ಕೈಲಾಗದು ಎಂಬುದು ಆಮೇಲೆ ಹೇಳಿಕೊಂಡ ನೆಪ.

ಆ ಕಾಗದದಲ್ಲಿದ್ದ ಮೊದಲ ಹೆಸರು ಬಿ. ಆರ್. ವಿಜಯಲಕ್ಷ್ಮಿ. ಆಕೆಯನ್ನು ಏಷ್ಯಾ ಖಂಡದ ಮೊದಲ ಮಹಿಳಾ ಛಾಯಾಗ್ರಾಹಕಿ ಎಂದು ಕರೆಯುತ್ತಾರೆ. ಆಕೆ ಯಾರ ಮಗಳೆಂದು ತಿಳಿದಾಗ ನಮಗೆ ನಾಚಿಕೆಯೂ ಸಂತೋಷವೂ ಒಟ್ಟಿಗೇ ಆದವು. ಆಕೆ ಬಿ. ಆರ್. ಪಂತುಲು ಅವರ ಮಗಳು. ಕೋಲಾರ ಜಿಲ್ಲೆಯಲ್ಲಿ 1910ರಲ್ಲಿ ಹುಟ್ಟಿ, ನಾಟಕದಲ್ಲಿ ಬಣ್ಣ ಹಚ್ಚಿ, ಮದರಾಸಿಗೆ ಹೋಗಿ ದೊಡ್ಡ ಚಿತ್ರಗಳನ್ನು ಮಾಡಿದ ಆ ಪಂತುಲು. 1958ರ "ಸ್ಕೂಲ್ ಮಾಸ್ಟರ್", 1961ರ "ಕಿತ್ತೂರು ಚೆನ್ನಮ್ಮ", 1970ರ "ಶ್ರೀಕೃಷ್ಣದೇವರಾಯ" ಅವರ ಕನ್ನಡ ಚಿತ್ರಗಳು. ತಮಿಳಿನಲ್ಲಿ 1959ರ "ವೀರಪಾಂಡಿಯ ಕಟ್ಟಬೊಮ್ಮನ್", 1964ರ "ಕರ್ಣನ್" ಚಿತ್ರಗಳನ್ನು ಮಾಡಿದವರೂ ಅವರೇ. ನಮ್ಮ ಹಿರಿಯರು ಈ ಚಿತ್ರಗಳನ್ನು ಕಣ್ಣಲ್ಲಿ ನೀರು ತುಂಬಿಕೊಂಡು ನೋಡಿದವರು. ಅಂಥ ಕನ್ನಡಿಗನ ಮಗಳ ಹೆಸರು ನಮಗೆ ಗೊತ್ತಿರಲಿಲ್ಲ.

ಪಂತುಲು ಅವರು 1974ರಲ್ಲಿ ತೀರಿಕೊಂಡರು. ಆದುದರಿಂದ ತಂದೆಯೇ ಕೈ ಹಿಡಿದು ಮಗಳನ್ನು ಕ್ಯಾಮರಾದ ಹಿಂದೆ ನಿಲ್ಲಿಸಿದರು ಎಂದು ಹೇಳುವಂತಿಲ್ಲ. ಆಕೆ ಅಶೋಕ್ ಕುಮಾರ್ ಎಂಬ ಹೆಸರಾಂತ ಛಾಯಾಗ್ರಾಹಕರ ಬಳಿ ಸಹಾಯಕಿಯಾಗಿ ಸೇರಿದರು. ಅದು 1980ರ ತಮಿಳು ಚಿತ್ರ "ನೆಂಜತ್ತೈ ಕಿಳ್ಳಾದೇ", ನಿರ್ದೇಶಕರು ಮಹೇಂದ್ರನ್. ಆ ಚಿತ್ರದ ಛಾಯಾಗ್ರಹಣಕ್ಕೆ ಅಶೋಕ್ ಕುಮಾರರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ಅಂದರೆ ಒಳ್ಳೆಯ ಉಸ್ತಾದನ ಕೈಕೆಳಗೆ ಕಲಿತರು. ನಮ್ಮಲ್ಲಿ ಪಾತ್ರೆ ತೊಳೆಯುವಲ್ಲಿಂದ ಹಿಟ್ಟು ರುಬ್ಬುವಲ್ಲಿಗೆ, ಅಲ್ಲಿಂದ ಕಾವಲಿಗೆ ಏರಿದವರಿಗೆ ಈ ಕಲಿಕೆಯ ಅರ್ಥ ಬೇರೆ ಹೇಳಬೇಕಾಗಿಲ್ಲ. 1985ರಲ್ಲಿ ಭಾಗ್ಯರಾಜ್ ಅವರ "ಚಿನ್ನ ವೀಡು" ಚಿತ್ರಕ್ಕೆ ಆಕೆಯೇ ಪೂರ್ಣ ಛಾಯಾಗ್ರಾಹಕಿಯಾದರು. ಆಮೇಲೆ ಹತ್ತಾರು ಚಿತ್ರಗಳನ್ನು ತೆಗೆದರು. 1995ರಲ್ಲಿ "ಪಾಟ್ಟು ಪಾಡವಾ" ಎಂಬ ಚಿತ್ರವನ್ನು ತಾವೇ ನಿರ್ದೇಶಿಸಿದರು. ಅದರಲ್ಲಿ ನಾಯಕನಾಗಿ ನಿಂತವರು ನಮ್ಮೆಲ್ಲರ ಮೆಚ್ಚಿನ ಗಾಯಕ ಎಸ್. ಪಿ. ಬಾಲಸುಬ್ರಹ್ಮಣ್ಯಂ. ಬಹುಕಾಲ ಕಳೆದು 2018ರಲ್ಲಿ "ಅಭಿಯುಂ ಅನುವುಂ" ಎಂಬ ಇನ್ನೊಂದು ಚಿತ್ರವನ್ನು ನಿರ್ದೇಶಿಸಿದರು.

ಆ ಕಾಗದದ ಎರಡನೆಯ ಹೆಸರನ್ನು ಹೇಳಿದರೆ ತಾವು ಚಪ್ಪಾಳೆ ತಟ್ಟೀರಿ. ಸುಹಾಸಿನಿ. "ಬೆಂಕಿಯಲ್ಲಿ ಅರಳಿದ ಹೂವು", "ಸುಪ್ರಭಾತ", "ಮುತ್ತಿನ ಹಾರ", "ಅಮೃತವರ್ಷಿಣಿ" ಇವುಗಳಲ್ಲಿ ನಾವು ಕಂಡ ಅದೇ ಸುಹಾಸಿನಿ. ಆಕೆ ಮದರಾಸಿನ ಅಡಯಾರಿನ ಚಿತ್ರ ಶಿಕ್ಷಣಾಲಯದಲ್ಲಿ ಛಾಯಾಗ್ರಹಣ ಕಲಿತ ಮೊದಲ ಹೆಣ್ಣುಮಗಳು. ಆಕೆಯೂ ಅಶೋಕ್ ಕುಮಾರರ ಸಹಾಯಕಿಯಾಗಿದ್ದವರೇ. "ನೆಂಜತ್ತೈ ಕಿಳ್ಳಾದೇ" ಚಿತ್ರದಲ್ಲಿಯೇ ಆಕೆ ನಟಿಯಾದರು. ಮುಂದೆ ಚಿತ್ರಗಳಿಗೆ ಸಂಭಾಷಣೆ ಬರೆದರು, 1995ರಲ್ಲಿ "ಇಂದಿರಾ" ಎಂಬ ತಮಿಳು ಚಿತ್ರವನ್ನು ನಿರ್ದೇಶಿಸಿದರು.

ಇಲ್ಲಿ ಒಂದು ಮಾತನ್ನು ತಾವು ಗಮನಿಸಬೇಕು. ಒಬ್ಬ ಉಸ್ತಾದನ ಬಳಿ ಇಬ್ಬರು ಹೆಣ್ಣುಮಕ್ಕಳು ಕ್ಯಾಮರಾದ ಕೆಲಸ ಮಾಡಿದರು. ಒಬ್ಬಾಕೆ ಕ್ಯಾಮರಾದ ಮುಂದೆ ಬಂದಳು, ನಾಡೆಲ್ಲ ಗುರುತಿಸಿತು. ಇನ್ನೊಬ್ಬಾಕೆ ಹಿಂದೆಯೇ ಉಳಿದಳು, ಸ್ವಂತ ನಾಡಿನವರಿಗೇ ಗೊತ್ತಾಗಲಿಲ್ಲ. ಇಬ್ಬರಲ್ಲಿ ಯಾರೂ ಕಡಿಮೆಯವರಲ್ಲ. ಆದರೆ ಕಮಿಟಿಯಲ್ಲಿ "ಮುಂದೋ ಹಿಂದೋ" ಎಂದು ನಾವು ಮಾಡಿದ ಹಾಸ್ಯ ಎಲ್ಲಿಂದ ಬಂತೆಂಬುದು ಇದರಿಂದ ತಿಳಿಯುತ್ತದೆ. ಹೆಣ್ಣನ್ನು ನೋಡುವುದಕ್ಕೆ ನಮಗೆ ಅಭ್ಯಾಸವಿದೆ, ಹೆಣ್ಣು ನೋಡಿದ್ದನ್ನು ನಾವು ನೋಡಬೇಕು ಎಂಬ ಅಭ್ಯಾಸವಿಲ್ಲ.

ಇದು ನಮ್ಮ ದೇಶದ ಕುಂದು ಮಾತ್ರವಲ್ಲ. ಅಮೇರಿಕದ ಆಸ್ಕರ್ ಪ್ರಶಸ್ತಿಗಳು 1929ರಿಂದ ನಡೆದು ಬಂದಿವೆ. ಛಾಯಾಗ್ರಹಣದ ಪ್ರಶಸ್ತಿ ಮೊದಲ ವರುಷದಿಂದಲೂ ಉಂಟು. ಆ ವಿಭಾಗದಲ್ಲಿ ಒಬ್ಬ ಹೆಂಗಸಿನ ಹೆಸರು ಮೊದಲ ಸಲ ಸ್ಪರ್ಧೆಯ ಪಟ್ಟಿಗೆ ಬಂದದ್ದು 2018ರಲ್ಲಿ. ರೇಚೆಲ್ ಮಾರಿಸನ್ ಎಂಬಾಕೆ, "ಮಡ್‌ಬೌಂಡ್" ಎಂಬ ಚಿತ್ರಕ್ಕೆ. ಪ್ರಶಸ್ತಿಯಲ್ಲ, ಪಟ್ಟಿಯಲ್ಲಿ ಹೆಸರು ಬರುವುದಕ್ಕೇ ತೊಂಬತ್ತು ವರುಷ ಬೇಕಾಯಿತು.

ಕ್ಯಾಮರಾ ಭಾರವಲ್ಲವೇ, ಹೆಣ್ಣು ಹೊತ್ತಾಳೇ ಎಂದು ನಮ್ಮ ಮಿತ್ರರೊಬ್ಬರು ಕೇಳಿದರು. ಫಿಲ್ಮಿನ ಕಾಲದ ಕ್ಯಾಮರಾ ಹತ್ತು ಹದಿನೈದು ಕಿಲೋ ತೂಗುತ್ತಿತ್ತು, ನಿಜ. ಮಲ್ಪೆಯಲ್ಲಿ ಮೀನಿನ ಬುಟ್ಟಿ ಹೊರುವವರು ಯಾರು? ಪುಣೆಯಲ್ಲಿ ಕಟ್ಟುವ ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ತಲೆಯ ಮೇಲಿಟ್ಟು ಏಣಿ ಹತ್ತುವವರು ಯಾರು? ಅಲ್ಲಿ ಹೊರುವಾಗ ನಾವು ಯಾರೂ ಭಾರದ ಮಾತು ಎತ್ತಲಿಲ್ಲ. ಒಳ್ಳೆಯ ಸಂಬಳದ, ಒಳ್ಳೆಯ ಹೆಸರಿನ ಕೆಲಸ ಬಂದಾಗ ಮಾತ್ರ ಹೆಂಗಸಿಗೆ ಭಾರವಾದೀತೆಂಬ ಕನಿಕರ ನಮ್ಮಲ್ಲಿ ಹುಟ್ಟುತ್ತದೆ.

ವಿಜಯಲಕ್ಷ್ಮಿ ಸಿನಿಮಾ ಮನೆತನದವರು. ಅವರ ದುಡಿಮೆಯನ್ನು ಕಡಿಮೆ ಮಾಡಲು ಹೇಳುತ್ತಿಲ್ಲ. ಆದರೆ ಪಂತುಲು ಅವರ ಮಗಳು ಎಂದರೆ ಮದರಾಸಿನ ಸ್ಟುಡಿಯೋಗಳಲ್ಲಿ ಒಂದು ಬಾಗಿಲಾದರೂ ತೆರೆಯುತ್ತಿತ್ತು. ದೋಸೆ ಹಾಕುವವರ ಮಗಳು ಎಂದರೆ ಯಾವ ಬಾಗಿಲು ತೆರೆದೀತು? ಮನೆತನದ ಹೆಸರಿಲ್ಲದವರಿಗೆ ಇರುವುದು ವಿದ್ಯೆಯ ಬಾಗಿಲು ಒಂದೇ. ಅದು ಬೇರೆಲ್ಲೂ ಇಲ್ಲ, ನಮ್ಮ ಈ ಪುಣೆಯಲ್ಲಿ, ಲಾ ಕಾಲೇಜು ರಸ್ತೆಯಲ್ಲಿದೆ.

ಆ ಜಾಗದ ಚರಿತ್ರೆಯನ್ನು ನಮ್ಮ ಹಿರಿಯರು ಬಲ್ಲರು. 1929ರಲ್ಲಿ ಕೊಲ್ಹಾಪುರದಲ್ಲಿ ಶಾಂತಾರಾಂ, ದಾಮ್ಲೆ, ಫತ್ತೇಲಾಲ್ ಮೊದಲಾದವರು ಕಟ್ಟಿದ ಪ್ರಭಾತ್ ಕಂಪೆನಿ 1933ರಲ್ಲಿ ಪುಣೆಗೆ ಬಂದಿತು. 1936ರ "ಸಂತ ತುಕಾರಾಮ್" ತಯಾರಾದದ್ದು ಅಲ್ಲಿಯೇ. ಕಂಪೆನಿ ಮುಳುಗಿತು. ಆ ಅಂಗಳದಲ್ಲಿಯೇ 1960ರಲ್ಲಿ ಭಾರತ ಸರಕಾರವು ಚಿತ್ರ ಶಿಕ್ಷಣ ಸಂಸ್ಥೆಯನ್ನು ತೆರೆಯಿತು. ತೀರ್ಥಹಳ್ಳಿ ಕಡೆಯ ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿ, ಆಮೇಲೆ ಬಂದು ಕಲಿತದ್ದು ಇಲ್ಲಿಯೇ. ಇಲ್ಲಿಂದ ಹೋಗಿ 1977ರಲ್ಲಿ "ಘಟಶ್ರಾದ್ಧ" ಮಾಡಿ ಸ್ವರ್ಣಕಮಲ ಗೆದ್ದರು. ಇಲ್ಲಿ ಸೇರುವುದಕ್ಕೆ ನೀನು ಯಾರ ಮಗ, ಯಾರ ಮಗಳು ಎಂದು ಕೇಳುವುದಿಲ್ಲ, ಪ್ರವೇಶ ಪರೀಕ್ಷೆ ಬರೆಯಬೇಕು. ಛಾಯಾಗ್ರಹಣಕ್ಕೆಂದೇ ಇಲ್ಲಿ ಪಾಠಕ್ರಮವಿದೆ.

ಈ ಊರಿಗೆ ಬಂದ ಮೊದಲ ವರುಷಗಳಲ್ಲಿ ನಾವು ಆ ರಸ್ತೆಯ ಕಡೆಗೆ ಚಹಾದ ಕೆಟಲು ಹಿಡಿದು ಹೋಗುತ್ತಿದ್ದೆವು. ಒಂದು ದಿನ ರಸ್ತೆಯ ಬದಿಯಲ್ಲಿ ವಿದ್ಯಾರ್ಥಿಗಳು ಚಿತ್ರ ತೆಗೆಯುತ್ತಿದ್ದರು. ಚಹಾ ಯಾರಿಗೆ ಮೊದಲು ಕೊಡಬೇಕೆಂದು ತಿಳಿಯದೆ, "ಸಾಹೇಬರು ಯಾರು?" ಎಂದು ಕೇಳಿದೆವು. ಐದಾರು ಹುಡುಗರೂ ಒಂದೇ ಕಡೆಗೆ ಕೈ ತೋರಿಸಿದರು. ಕ್ಯಾಮರಾಕ್ಕೆ ಕಣ್ಣಿಟ್ಟು ನಿಂತ ಒಬ್ಬ ತೆಳ್ಳಗಿನ ಹುಡುಗಿ. ಆಕೆ ಕಣ್ಣು ತೆಗೆಯದೆ, "ಅಲ್ಲಿಡು ತಮ್ಮಾ, ಬೆಳಕು ಹೋಗುತ್ತದೆ" ಎಂದು ಹಿಂದಿಯಲ್ಲಿ ಹೇಳಿದಳು. ಚಹಾ ಆರಿ ಹೋಯಿತು. ಆಕೆ ಯಾರೋ ನಮಗೆ ಗೊತ್ತಿಲ್ಲ. ಆ ಹುಡುಗಿಯನ್ನು ಕಣ್ಣಾರೆ ಕಂಡ ಮೇಲೂ ನಾವು ಕಮಿಟಿಯಲ್ಲಿ ನಕ್ಕೆವಲ್ಲ!

ಈ ಸಂಸ್ಥೆಯಿಂದ ಹೊರಟ ಹೆಣ್ಣುಮಕ್ಕಳ ಹೆಸರುಗಳು ಆ ಕಾಗದದಲ್ಲಿದ್ದವು. ಫೌಜಿಯಾ ಫಾತಿಮಾ, 2002ರಲ್ಲಿ ನಟಿ ರೇವತಿಯವರು ನಿರ್ದೇಶಿಸಿದ "ಮಿತ್ರ್, ಮೈ ಫ್ರೆಂಡ್" ಚಿತ್ರವನ್ನು ತೆಗೆದವರು. ಅಂಜುಲಿ ಶುಕ್ಲಾ, ಶಾಜಿ ಎನ್. ಕರುಣ್ ಅವರ ಮಲಯಾಳ ಚಿತ್ರ "ಕುಟ್ಟಿ ಸ್ರಾಂಕ್" ತೆಗೆದು, 57ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಕಥಾಚಿತ್ರದ ಛಾಯಾಗ್ರಹಣಕ್ಕೆ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದವರು.

ಮೂರನೆಯವರು ಸವಿತಾ ಸಿಂಗ್. 2007ರಲ್ಲಿ ಅಮಿತ್ ದತ್ತಾ ಅವರು ನಿರ್ದೇಶಿಸಿದ "ಕ್ರಮಶಃ" ಎಂಬ ಕಿರುಚಿತ್ರದ ಛಾಯಾಗ್ರಹಣಕ್ಕೆ ಈಕೆಗೆ ರಾಷ್ಟ್ರಪ್ರಶಸ್ತಿ ಬಂದಿತು. ಆಮೇಲೆ ಹಿಂದಿಯ ದೊಡ್ಡ ಚಿತ್ರಗಳನ್ನೂ ತೆಗೆದರು. 2016ರ ಮರಾಠಿ ಚಿತ್ರ "ವೆಂಟಿಲೇಟರ್" ನಮ್ಮಲ್ಲಿ ಹಲವರು ನೋಡಿದ್ದೀರಿ, ಅದನ್ನು ತೆಗೆದವರು ಈಕೆಯೇ. ನೋಡಿದಾಗ ನಮಗದು ತಿಳಿಯಲಿಲ್ಲ ಅಷ್ಟೇ. ಮುಂದೆ ಈಕೆ "ಸೋನ್ಸಿ" ಎಂಬ ಕಿರುಚಿತ್ರಕ್ಕೆ ತಾವೇ ಕಥೆ ಬರೆದು, ತಾವೇ ನಿರ್ದೇಶಿಸಿ, ತಾವೇ ಕ್ಯಾಮರಾ ಹಿಡಿದರು. ಒಬ್ಬ ಪುಟ್ಟ ಹುಡುಗಿಯ ಕನಸಿನ ಕಥೆ ಅದು. 2021ರಲ್ಲಿ ಪ್ರಕಟವಾದ 67ನೆಯ ರಾಷ್ಟ್ರಪ್ರಶಸ್ತಿಗಳಲ್ಲಿ ಅದರ ಛಾಯಾಗ್ರಹಣಕ್ಕೆ ಮತ್ತೊಮ್ಮೆ ಪ್ರಶಸ್ತಿ ಬಂದಿತು.

ಬರೆಯುವ ಕೈಯೂ ತೆಗೆಯುವ ಕಣ್ಣೂ ಒಬ್ಬರದೇ ಆದರೆ ಏನಾಗುತ್ತದೆ ಎಂದು ನಾವು ಆಲೋಚಿಸಿದೆವು. ದೊಡ್ಡ ಬಂಡವಾಳದ ಚಿತ್ರದಲ್ಲಿ ಹಣ ಹಾಕಿದವನ ಮಾತು ನಡೆಯುತ್ತದೆ. ಪಾಕಪಟ್ಟಿಯನ್ನು ಮಾಲಿಕನೇ ಬರೆದು ಕೊಟ್ಟಾಗ ಅಡಿಗೆಯವನು ತನ್ನ ಮನೆಯ ರುಚಿಯನ್ನು ತೋರಿಸಲಾರ. ಸ್ವತಂತ್ರ ಚಿತ್ರವೆಂದರೆ ಸಣ್ಣ ಹಣದಲ್ಲಿ, ನಾಲ್ಕು ಮಂದಿ ಸ್ನೇಹಿತರ ಬಲದಲ್ಲಿ, ಹೇಳಬೇಕಾದದ್ದನ್ನು ಹೇಳುವ ಚಿತ್ರ. ನಮ್ಮ ಕನ್ನಡದಲ್ಲಿಯೇ ಪ್ರೇಮಾ ಕಾರಂತರು ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನು ತೆಗೆದುಕೊಂಡು 1983ರಲ್ಲಿ "ಫಣಿಯಮ್ಮ" ಮಾಡಲಿಲ್ಲವೇ? ಎಳೆಯ ವಯಸ್ಸಿನಲ್ಲಿ ವಿಧವೆಯಾದ ಹೆಣ್ಣಿನ ಬಾಳನ್ನು ಹೆಣ್ಣೇ ಬರೆದು ಹೆಣ್ಣೇ ಚಿತ್ರ ಮಾಡಿದಾಗ ಅದರ ನಿಜ ಬೇರೆಯಾಯಿತು. ನಮ್ಮ ಬದುಕಿನ ಚಿತ್ರ ಯಾರು ಮಾಡಿದ್ದಾರೆ? ಸಿನಿಮಾದಲ್ಲಿ ಹೋಟೆಲಿನ ಮಾಣಿ ಬರುತ್ತಾನೆ, ಇಡ್ಲಿ ವಡೆ ದೋಸೆ ಎಂದು ಒಂದೇ ಉಸಿರಿನಲ್ಲಿ ಒದರುತ್ತಾನೆ, ಜನ ನಗುತ್ತಾರೆ, ಅವನು ಹೋಗುತ್ತಾನೆ. ಅವನು ಎಲ್ಲಿ ಮಲಗುತ್ತಾನೆ, ಊರಿಗೆ ಎಷ್ಟು ಕಳುಹಿಸುತ್ತಾನೆ, ಅವನ ಹೆಂಡತಿ ಊರಿನಲ್ಲಿ ಒಬ್ಬಳೇ ಹೇಗೆ ದಿನ ತಳ್ಳುತ್ತಾಳೆ, ಇದನ್ನು ಬಲ್ಲವರು ಬರೆಯಬೇಕು, ಬಲ್ಲವರು ತೆಗೆಯಬೇಕು. ಅದನ್ನು ಬಲ್ಲ ಹುಡುಗಿಯೊಬ್ಬಳು ನಮ್ಮ ಕಚೇರಿಗೆ ಬಂದು ಕಾಗದ ಕೊಟ್ಟು ಹೋಗಿದ್ದಾಳೆ.

ಇನ್ನು ಸಂಘದ ವಿಚಾರಕ್ಕೆ ಬರುತ್ತೇವೆ. ಇದು ನಮಗೆ ಚುಚ್ಚುವ ಮಾತು, ಆದರೂ ಹೇಳಬೇಕು. ಮಾಲಿಕರು ಬಾಗಿಲು ಮುಚ್ಚಿದರೆ ನಾವು ಧಿಕ್ಕಾರ ಕೂಗುತ್ತೇವೆ. ಕಾರ್ಮಿಕರ ಸಂಘವೇ ಬಾಗಿಲು ಮುಚ್ಚಿದರೆ?

ಮುಂಬಯಿಯ ಚಿತ್ರರಂಗದಲ್ಲಿ ಬಣ್ಣ ಹಚ್ಚುವವರ ಮತ್ತು ಕೇಶಾಲಂಕಾರ ಮಾಡುವವರ ಒಂದು ಯೂನಿಯನ್ ಇದೆ. ಅದರಲ್ಲಿ ಹೆಂಗಸರು ಕೇಶಾಲಂಕಾರ ಮಾತ್ರ ಮಾಡಬಹುದಿತ್ತು, ಮುಖಕ್ಕೆ ಬಣ್ಣ ಹಚ್ಚುವ ಕೆಲಸದ ಕಾರ್ಡು ಗಂಡಸರಿಗೆ ಮಾತ್ರ ಸಿಗುತ್ತಿತ್ತು. ಐವತ್ತಕ್ಕೂ ಹೆಚ್ಚು ವರುಷ ಹೀಗೆಯೇ ನಡೆಯಿತು. ಕಾರ್ಡಿಲ್ಲದೆ ಕೆಲಸ ಮಾಡಿದರೆ ದಂಡ. ಆ ಕೆಲಸದಲ್ಲಿ ತರಬೇತಿ ಪಡೆದ ಚಾರು ಖುರಾನಾ ಎಂಬಾಕೆ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2014ರ ನವೆಂಬರ್ 10ರಂದು ಕೋರ್ಟು ಆ ನಿಯಮವನ್ನು ತಳ್ಳಿಹಾಕಿತು. ಆ ಕಾಲಕ್ಕೆ ಜಾರಿಯಲ್ಲಿದ್ದ 1926ರ ಟ್ರೇಡ್ ಯೂನಿಯನ್ ಕಾಯಿದೆಯ ಪ್ರಕಾರ ಹದಿನೈದು ವರುಷ ದಾಟಿದ ಯಾರು ಬೇಕಾದರೂ ಸದಸ್ಯರಾಗಬಹುದು, ಹೆಣ್ಣು ಗಂಡೆಂಬ ಭೇದ ಅಲ್ಲಿಲ್ಲ ಎಂದು ಎತ್ತಿ ತೋರಿಸಿತು.

ಅದೇ ಯೂನಿಯನ್ನಿನಲ್ಲಿ ಇನ್ನೊಂದು ನಿಯಮವಿತ್ತು. ಮಹಾರಾಷ್ಟ್ರದಲ್ಲಿ ಐದು ವರುಷ ವಾಸ ಮಾಡಿದವರಿಗೆ ಮಾತ್ರ ಸದಸ್ಯತ್ವ ಎಂದು. ಕೋರ್ಟು ಅದನ್ನೂ ತೆಗೆದು ಹಾಕಿತು. ಘಟ್ಟ ಇಳಿದು, ಹೊಳೆ ದಾಟಿ, ಹೊಟ್ಟೆಪಾಡಿಗೆ ಈ ನಾಡಿಗೆ ಬಂದ ನಮಗೆ ಈ ಎರಡನೆಯ ನಿಯಮದ ಅನ್ಯಾಯ ಕೂಡಲೇ ಅರ್ಥವಾಗುತ್ತದೆ. ಮೊದಲನೆಯದೂ ಅಷ್ಟೇ ಬೇಗ ಅರ್ಥವಾಗಬೇಕು. ಹೊರಗಿನವನು ಎಂದು ನಮ್ಮನ್ನು ತಡೆಯುವ ಕೈ ಮತ್ತು ಹೆಂಗಸು ಎಂದು ಅವಳನ್ನು ತಡೆಯುವ ಕೈ ಒಂದೇ.

ಛಾಯಾಗ್ರಾಹಕಿಯರು ಈ ಪಾಠ ಕಲಿತಿದ್ದಾರೆ. 2017ರಲ್ಲಿ ಅವರು ತಮ್ಮದೇ ಒಂದು ಭಾರತೀಯ ಒಕ್ಕೂಟವನ್ನು ಕಟ್ಟಿಕೊಂಡರು. ಅದರ ಮುಂದಾಳುಗಳಲ್ಲಿ ಫೌಜಿಯಾ ಫಾತಿಮಾ ಒಬ್ಬರು. ಅದೇ ವರುಷ ಕೇರಳದ ಚಿತ್ರರಂಗದ ಹೆಂಗಸರೂ ಒಟ್ಟಾದರು. ಅಲ್ಲಿಯ ಸರಕಾರ ನೇಮಿಸಿದ ನ್ಯಾಯಮೂರ್ತಿ ಹೇಮಾ ಸಮಿತಿಯ ವರದಿ 2024ರಲ್ಲಿ ಹೊರಬಂತು. ಆ ವರದಿಯಲ್ಲಿ ದೊಡ್ಡ ದೊಡ್ಡ ದೌರ್ಜನ್ಯಗಳ ಜೊತೆಗೆ ಒಂದು ಸಣ್ಣ ಮಾತೂ ಇತ್ತು: ಚಿತ್ರೀಕರಣದ ಜಾಗದಲ್ಲಿ ಹೆಂಗಸರಿಗೆ ಪಾಯಿಖಾನೆ ಇಲ್ಲ, ಬಟ್ಟೆ ಬದಲಿಸಲು ಕೋಣೆ ಇಲ್ಲ. ನಮ್ಮ ಹೋಟೆಲುಗಳ ಹಿಂಬದಿಯಲ್ಲಿ ಪಾತ್ರೆ ತೊಳೆಯುವ ಅಕ್ಕಂದಿರು ಇದನ್ನು ಎಷ್ಟು ಸಲ ಹೇಳಲಿಲ್ಲ? ನಾವು ಎಷ್ಟು ಸಲ ಬೇಡಿಕೆಯ ಪಟ್ಟಿಯಲ್ಲಿ ಅದನ್ನು ಕೊನೆಗೆ ಬರೆದು, ಮಾತುಕತೆಯಲ್ಲಿ ಮೊದಲು ಬಿಟ್ಟುಕೊಡಲಿಲ್ಲ?

ಈಗ ನಮ್ಮ ಸ್ವಂತ ಪುಸ್ತಕವನ್ನು ತೆರೆಯೋಣ. ಚಾರು ಖುರಾನಾ ಅವರ ವಿಚಾರ ಓದಿದ ರಾತ್ರಿ ನಾವು ನಮ್ಮ ವಿದ್ಯಾನಿಧಿಯ ನಿಯಮಗಳನ್ನು ತೆಗೆದು ನೋಡಿದೆವು. ಅಲ್ಲಿ ಹೀಗಿದೆ: "ಸದಸ್ಯನ ಮಗನ ಉಚ್ಚ ಶಿಕ್ಷಣಕ್ಕಾಗಿ ಸಹಾಯ." ಮಗನ ಎಂದಿದೆ. ಬರೆದವರು ಕೆಟ್ಟ ಮನಸ್ಸಿನಿಂದ ಬರೆಯಲಿಲ್ಲ. ಅಂದು ಇಲ್ಲಿ ಕಲಿಯಲು ಬಂದವರೆಲ್ಲ ಗಂಡುಮಕ್ಕಳೇ ಆಗಿದ್ದರು. ಹೆಣ್ಣುಮಕ್ಕಳು ಊರಿನಲ್ಲಿದ್ದರು. ಆದರೆ ಇಂದು ನಮ್ಮ ಹೆಣ್ಣುಮಕ್ಕಳು ಇಲ್ಲಿಯೇ ಹುಟ್ಟಿ, ಇಲ್ಲಿಯೇ ಓದಿ, ನಮ್ಮ ಪತ್ರಗಳನ್ನು ಮರಾಠಿಯಲ್ಲೂ ಇಂಗ್ಲಿಷಿನಲ್ಲೂ ಬರೆದು ಕೊಡುತ್ತಿದ್ದಾರೆ. ನಿಯಮ ಮಾತ್ರ ಅಲ್ಲಿಯೇ ನಿಂತಿದೆ. ನಾವು ಕಮಿಟಿಯವರು ಅದನ್ನು ಇಷ್ಟು ವರುಷ ಓದಿಯೂ ಕಾಣಲಿಲ್ಲ.

ಬಂಧುಗಳೇ, ತಮ್ಮನ್ನು ಮೋಸಗೊಳಿಸಿ ಕೈ ಎತ್ತಿಸುವ ಇಚ್ಛೆ ನಮಗಿಲ್ಲ. ಈ ದಾರಿಯ ಕಷ್ಟಗಳನ್ನೂ ಹೇಳುತ್ತೇವೆ. ಪ್ರವೇಶ ಪರೀಕ್ಷೆ ಕಠಿಣ, ಇರುವ ಜಾಗ ಕೆಲವೇ ಕೆಲವು. ಸೇರಿದರೂ ವರುಷಗಳ ಖರ್ಚು. ಕಲಿತು ಹೊರಬಂದರೂ ತಿಂಗಳ ಸಂಬಳದ ಭರವಸೆ ಇಲ್ಲ, ಗಿರಣಿಯ ಬದಲಿ ಕೆಲಸಗಾರನ ಹಾಗೆ ಕರೆ ಬಂದ ದಿನ ಕೆಲಸ. ಸ್ವತಂತ್ರ ಚಿತ್ರಗಳಿಂದ ಹೊಟ್ಟೆ ತುಂಬುವುದು ಅಪರೂಪ. ವಿಜಯಲಕ್ಷ್ಮಿಯಂಥವರೂ ಒಂದು ಹಂತದಲ್ಲಿ ಸಿನಿಮಾ ಬಿಟ್ಟು ಟೆಲಿವಿಷನ್ನಿನ ಕಡೆಗೆ ಹೋದರು. ದಾರಿ ಸುಗಮವಾಗಿದ್ದರೆ 1985ರಿಂದ ಇಂದಿನವರೆಗೆ ಇಂಥ ಹೆಸರುಗಳು ನೂರಾರು ಬರಬೇಕಾಗಿತ್ತು, ನಾವು ಹೀಗೆ ಬೆರಳು ಮಡಿಸಿ ಎಣಿಸಬೇಕಾಗಿರಲಿಲ್ಲ.

ಆದರೆ ಯಾವ ಕೆಲಸ ಭದ್ರ? ಗಿರಣಿಯ ಭೋಂಗಾ ಶಾಶ್ವತವೆಂದು ನಂಬಿದವರು ಮುಂಬಯಿಯಲ್ಲಿ ಲಕ್ಷ ಲಕ್ಷ ಮಂದಿ ಇದ್ದರು. 1982ರ ಮುಷ್ಕರದ ನಂತರ ಏನಾಯಿತೆಂದು ನಮ್ಮ ಹಿರಿಯ ಗಿರಣಿ ಬಂಧುಗಳು ಹೇಳಬಲ್ಲರು. ಯಂತ್ರ ಹೋಯಿತು, ಜಾಗವನ್ನೂ ಮಾರಿದರು, ಕಲಿತ ಕೈ ಮಾತ್ರ ಉಳಿಯಿತು. ಹುಡುಗನೊಬ್ಬ ಎಂಜಿನಿಯರಿಂಗಿಗೆ ಸೇರಿ ನಪಾಸಾದಾಗ ನಾವು ನಿಧಿಯ ಹಣ ಹಾಳಾಯಿತೆಂದು ನಕ್ಕೆವೇ? ಇಲ್ಲ, ಮುಂದಿನ ಸಲ ಪಾಸಾಗು ಮಗಾ ಎಂದು ಬೆನ್ನು ತಟ್ಟಿದೆವು. ಅಷ್ಟೇ ಸೈರಣೆಯನ್ನು ಒಬ್ಬ ಹುಡುಗಿಗೆ ತೋರಿಸಿದರೆ ಸಾಕು.

ಆದುದರಿಂದ ನಮ್ಮ ಸೂಚನೆ ಎರಡು. ಒಂದನೆಯದು, ವಿದ್ಯಾನಿಧಿಯ ನಿಯಮದಲ್ಲಿ "ಸದಸ್ಯನ ಮಗನ" ಎಂಬುದನ್ನು "ಸದಸ್ಯರ ಮಕ್ಕಳ" ಎಂದು ತಿದ್ದಬೇಕು. ಸದಸ್ಯನ ಎಂಬುದನ್ನೂ ಸದಸ್ಯರ ಎಂದು ಏಕೆ ತಿದ್ದಬೇಕೆಂದರೆ, ಹಿಂದಿನ ಸಾಲಿನಲ್ಲಿ ಕುಳಿತಿರುವ ಅಕ್ಕಂದಿರೂ ಚಂದಾ ಕೊಡುತ್ತಾರೆ. ಎರಡನೆಯದು, ಈ ಹುಡುಗಿಗೆ ಪ್ರವೇಶ ಪರೀಕ್ಷೆಯ ತಯಾರಿಗೂ ಒಂದು ಹಳೆಯ ಕ್ಯಾಮರಾಕ್ಕೂ ಬೇಕಾಗುವಷ್ಟನ್ನು ಸಾಲವಾಗಿ ಕೊಡಬೇಕು. ಪಾಸಾದರೆ ಮುಂದಿನ ಫೀಯ ವಿಚಾರಕ್ಕೆ ಮತ್ತೆ ಸಭೆ ಸೇರೋಣ. ಪಾಸಾಗದಿದ್ದರೆ ಗಂಡುಮಕ್ಕಳಿಗೆ ಹಾಕುವ ಕಂತಿನಲ್ಲಿಯೇ ಆಕೆಯೂ ತೀರಿಸಲಿ. ಹೆಚ್ಚಿನ ದಯೆ ಬೇಡ, ಕಡಿಮೆ ನ್ಯಾಯವೂ ಬೇಡ.

ಆ ತಂದೆ ಇಂದು ಸಭೆಗೆ ಬಂದಿಲ್ಲ. ಮಧ್ಯಾಹ್ನದ ಪಾಳಿಯಲ್ಲಿದ್ದಾರೆ. ಸಭೆ ಮುಗಿದ ಮೇಲೆ ತೀರ್ಮಾನ ಏನಾಯಿತೆಂದು ಅವರಿಗೆ ತಿಳಿಸಲು ನಾವೇ ಹೋಗಬೇಕಾಗಿದೆ. ಅಂದು ನಕ್ಕವರು ನಾವು, ಇಂದು ಹೇಳಬೇಕಾದವರೂ ನಾವೇ. ಯಾವ ಮುಖ ಹೊತ್ತು ಆ ಅಡಿಗೆಮನೆಯ ಬಾಗಿಲಿಗೆ ಹೋಗಬೇಕೆಂಬುದನ್ನು ತಾವು ಈಗ ಕೈ ಎತ್ತಿ ಹೇಳಬೇಕೆಂದು ಕೇಳಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.